ಗಂಟೆ ನಿಂತ ಮೇಲೆ

ದಯಾಮಣಿಗೆ ಪ್ರಾರ್ಥನೆ ಕಲಿಸಿದ್ದು ಸಭೆಯ ಅಯ್ಯನವರೂ ಅಲ್ಲ, ಭಾನುವಾರದ ಶಾಲೆಯ ಟೀಚರೂ ಅಲ್ಲ. ಗಂಟೆ ಹೊಡೆಯುತ್ತಿದ್ದ ಅವಳ ಅಪ್ಪ.

ಗುಬ್ಬಿಯ ಹಳೆಯ ದೇವಾಲಯದಲ್ಲಿ ಅಪ್ಪ ದೇವಸಹಾಯಪ್ಪನಿಗೆ ಕಸ ಗುಡಿಸುವ, ಬೆಂಚು ಒರೆಸುವ, ಆರಾಧನೆಗೆ ಮೊದಲು ಹಗ್ಗ ಎಳೆದು ಗಂಟೆ ಹೊಡೆಯುವ ಕೆಲಸ. ಊರವರ ಬಾಯಲ್ಲಿ ಅದು ಚರ್ಚು. ಅದರ ಹಿಂದಿನ ಸಾಲುಮನೆಗಳಲ್ಲಿದ್ದ ಕ್ರೈಸ್ತರ ಬಾಯಲ್ಲಿ ಮಾತ್ರ ದೇವಾಲಯ. ಗಂಟೆ ಹೊಡೆದಾದ ಮೇಲೆ ದೇವಸಹಾಯಪ್ಪ ಹಗ್ಗವನ್ನು ಗೂಟಕ್ಕೆ ಸುತ್ತಿ ಕೊನೆಯ ಬೆಂಚಿಗೆ ಬಂದು ಕೂರುತ್ತಿದ್ದ. ಲಂಗ ತೊಟ್ಟ ಮಗಳು ಪಕ್ಕದಲ್ಲಿ.

“ಕೇಳಿಸ್ಕೊ. ಇನ್ನೂ ಐತೆ.”

“ನಿಂತೋಯ್ತಲ್ಲಪ್ಪ.”

“ಎಲ್ ನಿಂತೈತೆ? ಸರ್ಯಾಗ್ ಕೇಳವ್ವ.”

ಮಗಳು ಕಿವಿಯಿಟ್ಟು ಕೇಳುವಳು. ಹೌದು, ಇನ್ನೂ ಇದೆ. ಕಂಚಿನ ಆ ಗುಂಯ್ ಸದ್ದು ಗೋಡೆಗಳ ಮೇಲೆ ಸವರಿಕೊಂಡು ತೆಳ್ಳಗಾಗುತ್ತಾ ದಾರದಷ್ಟಾಗಿ, ಆಮೇಲೆ ದಾರದ ಒಂದೆಳೆಯಷ್ಟಾಗಿ ಹೋಗುತ್ತಿತ್ತು. ಎಲ್ಲಿ ಮುಗಿಯಿತು ಎಂದು ಹಿಡಿಯಹೋದರೆ ಸಿಗುತ್ತಿರಲಿಲ್ಲ. ಹಾಗೆ ಅದರ ಹಿಂದೆಯೇ ಹೋಗಿ ಹೋಗಿ, ಕೊನೆಗೆ ಸದ್ದೇ ಇಲ್ಲದ ಒಂದು ಜಾಗಕ್ಕೆ ಬಂದು ನಿಂತಿರುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ. ಆದರೆ ಖಾಲಿ ಅನ್ನಿಸುತ್ತಿರಲಿಲ್ಲ.

“ಗಂಟೆ ಹೊಡ್ಯೋದು ನಮ್ ಕೆಲ್ಸ,” ಎನ್ನುತ್ತಿದ್ದ ದೇವಸಹಾಯಪ್ಪ. “ಗಂಟೆ ನಿಂತ್ ಮೇಲೆ ಅವ್ರು ಬರ್ತಾರೆ. ನಾವು ಬಾಯ್ ಮುಚ್ಕಂಡು ಜಾಗ ಬುಡ್ಬೇಕು, ಅಷ್ಟೆ.”

ಅವ್ರು ಅಂದರೆ ದೇವರು. ಸಭೆಯಲ್ಲಿ ಎಲ್ಲರೂ ‘ಕರ್ತನೇ, ನೀನು’ ಎನ್ನುವರು; ಪಾಠ ಓದುವವರು ‘ಆತನು’ ಎಂದು ಓದುವರು. ದೇವಸಹಾಯಪ್ಪನಿಗೆ ಮಾತ್ರ ಆ ಏಕವಚನ ನಾಲಗೆಗೆ ಹತ್ತಲೇ ಇಲ್ಲ. “ಅಮಲ್ದಾರ್ರನ್ನೇ ನೀನು ಅನ್ನಕ್ಕಾಗಲ್ಲ, ಅಷ್ಟ್ ದೊಡ್ಡೋರ್ನ ಹೆಂಗಂತೀಯ?” ಎಂದು ಕೇಳುತ್ತಿದ್ದ. ಹೆಸರೂ ಹೇಳುತ್ತಿರಲಿಲ್ಲ, ಮೇಲಕ್ಕೆ ಬೆರಳೂ ತೋರಿಸುತ್ತಿರಲಿಲ್ಲ. ಬರೀ ‘ಅವ್ರು’. ಮನೆಯ ಹಿರಿಯರನ್ನು ಕುರಿತು ಹೆಂಗಸರು ಹೇಳುವ ಹಾಗೆ. ಅಪ್ಪನ ಆ ಮಾತು ಮಗಳಿಗೂ ಅಂಟಿತು, ಅಪ್ಪನ ಕಂದು ಕಣ್ಣು ಅಂಟಿದ ಹಾಗೆ.

ಸುಮ್ಮನೆ ಕೂರುವುದು ಅಂದರೆ ನೋಡುವವರಿಗೆ ಸುಲಭ. ಕೂತು ನೋಡಬೇಕು. ದಯಾಮಣಿ ಮದುವೆಯಾಗಿ ಅದೇ ಸಾಲುಮನೆಯಲ್ಲಿ ಸಂಸಾರ ಹೂಡಿದಳು. ಗಂಡ ಸುಂದರರಾಜು ಲಾರಿ ಮೆಕ್ಯಾನಿಕ್ಕು. ಅವಳು ನರ್ಸಿಂಗ್ ಹೋಮೊಂದರಲ್ಲಿ ಆಯಾ. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಕೊನೆಯ ಬೆಂಚಿನಲ್ಲಿ ಕೂತರೆ, ಮೊದಲು ಬರುತ್ತಿದ್ದದ್ದು ದೇವರಲ್ಲ. ನಾದಿನಿ ಆಡಿದ ಮಾತು ಬರುತ್ತಿತ್ತು. ಒಲೆಯ ಮೇಲೆ ಬಿಟ್ಟು ಬಂದ ಹಾಲು ಬರುತ್ತಿತ್ತು. ವಾರ್ಡಿನಲ್ಲಿ ಹಿಂದಿನ ದಿನ ಕಣ್ಮುಚ್ಚಿದ ಚೇಳೂರಿನ ಮುದುಕಿಯ ಕೈ ಬರುತ್ತಿತ್ತು. ಅವಳು ಯಾವುದನ್ನೂ ಅಟ್ಟುತ್ತಿರಲಿಲ್ಲ. ಬಿಂದಿಗೆಯ ಬಗ್ಗಡದ ನೀರನ್ನು ಅಲ್ಲಾಡಿಸದೆ ಇಟ್ಟರೆ ಹೇಗೆ ತಾನಾಗಿ ತಿಳಿಯಾಗುತ್ತದೋ ಹಾಗೆ ಬಿಟ್ಟು ಕೂರುತ್ತಿದ್ದಳು. ಎಷ್ಟೋ ದಿನ ತಿಳಿಯಾಗುವುದರೊಳಗೆ ಬಸ್ಸಿನ ಹೊತ್ತಾಗಿರುತ್ತಿತ್ತು. ಅಪರೂಪಕ್ಕೆ ಒಂದು ದಿನ, ಏನೂ ಬೇಡದೆ ಏನೂ ಹೇಳದೆ ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಗುತ್ತಿತ್ತು. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಅವಳಿಗೆ ಏನೂ ಸಿಗಲಿಲ್ಲ, ಅವಳು ಕೇಳಲೂ ಇಲ್ಲ. ಗಂಡ ಸತ್ತ ವರ್ಷ ಅದೂ ಇರಲಿಲ್ಲ. ಬಾವಿಯಲ್ಲಿ ನೀರಿಲ್ಲದ ವರ್ಷವೂ ಹೋಗಿ ಬಗ್ಗಿ ನೋಡಿ ಬರುವವರ ಹಾಗೆ ದಿನವೂ ಹೋಗಿ ಕೂತು ಬಂದಳು. ಹೋದದ್ದು ತಿರುಗಿ ಬಂತು.

ಸಾಲುಮನೆಗಳನ್ನು ಕೆಡವುವ ಮಾತು ಬಂದಾಗ ಅವಳು ತುಮಕೂರಿಗೆ, ಮರಳೂರಿನಲ್ಲಿದ್ದ ಮಗಳು ಸುಮನಾಳ ಮನೆಗೆ ಬಂದಳು. ಮಹಡಿಯ ಮೇಲಿನ ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು. ಅಳಿಯ ಜಯಪ್ರಕಾಶ್ ಕಾರ್ಖಾನೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುವವನು, ನಗಿಸುವ ಮನುಷ್ಯ. ಟಿವಿ, ಮಿಕ್ಸಿ, ಕುಕ್ಕರು, ಕೆಳಗೆ ಕುಣಿಗಲ್ ರಸ್ತೆಯ ಹಾರ್ನು. ದಯಾಮಣಿ ಒಂದೊಂದು ಮೂಲೆಯಲ್ಲೂ ಕೂತು ನೋಡಿದಳು. ಕೊನೆಗೆ ಸಿಕ್ಕಿದ್ದು ತಾರಸಿ. ಕಪ್ಪು ನೀರಿನ ಟ್ಯಾಂಕಿಗೂ ಮೋಟುಗೋಡೆಗೂ ನಡುವೆ ಒಬ್ಬರು ಮಂಡಿ ಮಡಿಸಿ ಕೂರುವಷ್ಟು ಜಾಗ. ಬೆಳ್ಳಂಬೆಳಿಗ್ಗೆ, ಹಾಲಿನ ಗಾಡಿ ಬರುವ ಮುಂಚೆ, ಅಲ್ಲಿ ಗಂಟೆ ಇಲ್ಲದೆಯೂ ಗಂಟೆಯ ಹಿಂದೆ ಹೋಗುವುದು ಅವಳಿಗೆ ಅಭ್ಯಾಸವಾಯಿತು.

ಕೆಳಗಿನ ಮನೆಯ ಯಜಮಾನಿ ಶಿವರುದ್ರಮ್ಮ ಒಂದು ದಿನ ಸಂಡಿಗೆ ಒಣಗಹಾಕಲು ಬಂದವರು ಕಂಡುಬಿಟ್ಟರು.

“ಏನ್ ದಯಮ್ಮಾರೇ, ಟ್ಯಾಂಕ್ ಕಾಯ್ತಾ ಕೂತಿದೀರಾ? ನಮ್ ನೀರ್ನ ಯಾರೂ ಕದಿಯಲ್ಲ ಬುಡಿ.”

“ಸುಮ್ನೆ ಕೂತಿದೀನಿ ಕಣ್ರಕ್ಕ.”

“ಕೂತ್ಕಳಿ, ಕೂತ್ಕಳಿ. ನಾನೂ ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಕಂಡ್ ಕೂತ್ರೆ ನಮ್ ಮನೇಲಿ ಒಬ್ರೂ ಉಸ್ರೆತ್ತಂಗಿಲ್ಲ.” ಶಿವರುದ್ರಮ್ಮ ಸಂಡಿಗೆಯ ತಟ್ಟೆ ಕೆಳಗಿಟ್ಟು ದನಿ ತಗ್ಗಿಸಿದರು. “ಆದ್ರೆ ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನಿಮ್ ದೇವ್ರಿಗೆ ಕಿವಿ ಮಂದವಾ? ನಿಮ್ ಮಗಳು ಅಳಿಯ ಸಾಯಂಕಾಲ ಅಷ್ಟ್ ಜೋರಾಗ್ ಕೂಗ್ತಾರಲ್ಲ!”

ದಯಾಮಣಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. “ಅವ್ರಿಗೆ ಚೆನ್ನಾಗೇ ಕೇಳ್ಸುತ್ತೆ. ನಮ್ಗೇ ಕೇಳ್ಸಲ್ಲ.”

ಸುಮನಾ ಮತ್ತು ಜಯಪ್ರಕಾಶ್ ಹೋಗುತ್ತಿದ್ದದ್ದು ರಸ್ತೆಯಾಚೆಯ ಒಂದು ಶೀಟಿನ ಹಾಲಿಗೆ. ಅಲ್ಲಿ ಹಳೆಯ ಸಭೆಯ ಹಾಗೆ ಒಬ್ಬರು ಪ್ರಾರ್ಥಿಸಿ ಉಳಿದವರು ಆಮೆನ್ ಅನ್ನುವ ಪದ್ಧತಿಯಿಲ್ಲ. ಎಲ್ಲರೂ ಒಟ್ಟಿಗೆ, ಕೈಯೆತ್ತಿ, ಗಂಟಲು ಹರಿಯುವ ಹಾಗೆ. ಕೀಬೋರ್ಡು, ಡ್ರಮ್ಮು, ಎಕೋ ಹಾಕಿದ ಮೈಕು, ಎರಡು ಕಡೆಗೂ ಆಳೆತ್ತರದ ಸ್ಪೀಕರ್ ಬಾಕ್ಸು. ಪಾಸ್ಟರ್ ಕಿರಣ್ ಕುಣಿಗಲ್ ಕಡೆಯ ಹುಡುಗ. ಕಾಯಿಲೆ ಅಂದರೆ ಎಷ್ಟು ಹೊತ್ತಿನಲ್ಲಾದರೂ ಬೈಕು ಹತ್ತಿ ಬರುವವನು. ಯಾರ ಮನೆಯಲ್ಲಿ ಅತ್ತರೂ ಜೊತೆಗೆ ಅಳುವವನು. ದಯಾಮಣಿಗೆ ಅವನ ಮೇಲೆ ಅಕ್ಕರೆಯೇ ಇತ್ತು. ಮಗಳ ಜೊತೆ ಹೋಗಿ ಹಿಂದಿನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತು ಬರುತ್ತಿದ್ದಳು. ನೂರು ಜನ ಕೂಗುವಾಗ ಕೂಗದ ಒಂದು ಬಾಯಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಅವಳಿಗೆ ಹೊಳೆಯಲಿಲ್ಲ.

ಸುಮನಾಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಸ್ಪತ್ರೆಗಳು ಮುಗಿದಿದ್ದವು. ಉಪವಾಸ ಪ್ರಾರ್ಥನೆಗಳೂ ಮುಗಿಯುತ್ತಾ ಬಂದಿದ್ದವು. ಏನೋ ಅಡ್ಡ ಇದೆ, ಮನೆಗೇ ಬಂದು ನೋಡುತ್ತೇನೆ ಎಂದು ಪಾಸ್ಟರ್ ಒಂದು ಸಂಜೆ ಬಂದ. ಟೀ ಕುಡಿಯುತ್ತಾ ದಯಾಮಣಿಯ ಕಡೆ ಕುರ್ಚಿ ಎಳೆದುಕೊಂಡ.

“ಅಮ್ಮಾ, ಹಾಲ್‌ನಲ್ಲಿ ನೀವು ಬಾಯೇ ತೆಗೆಯಲ್ಲ. ಮನೇಲಾದ್ರೂ ಪ್ರಾರ್ಥನೆ ಮಾಡ್ತೀರಾ?”

“ಮಾಡ್ತೀನಿ ಅಯ್ನೋರೇ. ಮೇಲ್ಗಡೆ ಹೋಗಿ ಸುಮ್ನೆ ಕೂತ್ಕತೀನಿ.”

“ಸುಮ್ನೆ ಅಂದ್ರೆ? ಮನಸ್ಸಲ್ಲೇ ಹೇಳ್ಕೊತೀರಾ?”

“ಏನೂ ಹೇಳಲ್ಲ.”

“ಮತ್ತೇನ್ ಮಾಡ್ತೀರಿ?”

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ಅಯ್ಯನವರುಗಳು ಕೇಳಿರಲಿಲ್ಲ. ಅವಳಿಗೆ ಒಳಗೊಳಗೇ ಸಂತೋಷವಾಯಿತು. ಹುಡುಗ ಅಷ್ಟು ಅಕ್ಕರೆಯಿಂದ ಮುಂದಕ್ಕೆ ಬಾಗಿ ಕೇಳುತ್ತಿದ್ದಾನೆ, ಇವನಿಗಾದರೂ ಹೇಳಬಹುದು ಅನ್ನಿಸಿತು.

“ಕೂತಿದ್ರೆ, ಒಂದೊಂದ್ ದಿನ ಅವ್ರು ಬರ್ತಾರೆ.”

ಪಾಸ್ಟರನ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತು. “ಯಾರು?”

“ಅವ್ರೇ.”

“ಮಾತಾಡ್ತಾರಾ?”

“ಇಲ್ಲ. ಪಕ್ಕದಲ್ಲಿ ಕೂತಿರ್ತಾರೆ. ಆಮೇಲೆ ಹೊರ್ಟೋಗ್ತಾರೆ.”

“ಯಾವಾಗಿಂದ ಬರ್ತಿದಾರೆ ಅಮ್ಮಾ?”

“ಚಿಕ್ ಹುಡುಗೀಲಿಂದ. ನಮ್ಮಪ್ಪಂಗೂ ಬರ್ತಿದ್ರು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಮನಾ ಕೈಯನ್ನು ಬಾಯಿಗಿಟ್ಟುಕೊಂಡಳು. ಪಾಸ್ಟರ್ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿದ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಅವನು ಸುಮನಾಗೆ ಹೇಳಿದ್ದು ಒಳಗಿದ್ದ ದಯಾಮಣಿಗೂ ಕೇಳಿಸಿತು. ಕಿವಿ ಆಗ ಅಷ್ಟು ಚುರುಕಾಗಿತ್ತು.

“ಒಂದಲ್ಲ ಸಿಸ್ಟರ್, ಬಹಳ ಇವೆ. ಅವ್ರು ಬರ್ತಾರೆ, ಅವ್ರು ಕೂರ್ತಾರೆ ಅಂತ ಅವರ ಬಾಯಲ್ಲೇ ಬಂತಲ್ಲ. ವಂಶದಲ್ಲಿ ಇಳ್ಕೊಂಡ್ ಬಂದಿರೋದು. ಮೂಗ ದೆವ್ವ ಅಂತಾರೆ ಇದನ್ನ. ಬಾಯಿನೂ ಕಟ್ಟುತ್ತೆ, ಗರ್ಭಾನೂ ಕಟ್ಟುತ್ತೆ. ಶುಕ್ರವಾರ ಬಿಡುಗಡೆ ಪ್ರಾರ್ಥನೆ ಇಟ್ಕೊಳೋಣ.”

ಸುಮನಾ ಒಳಗೆ ಬಂದಾಗ ದಯಾಮಣಿ ನಗಲು ನೋಡಿದಳು. “ಲೇ ಸುಮನಾ, ನಾನ್ ಹೇಳಿದ್ದು ಯೇಸಪ್ಪನ್ನ ಕಣೇ!”

“ಮತ್ತೆ ಅವ್ರು ಅಂತ ಯಾಕಂದೆ? ಯೇಸಪ್ಪನ್ನ ಯಾರಾದ್ರೂ ಅವ್ರು ಇವ್ರು ಅಂತಾರಾ?”

“ನಿಮ್ ತಾತ ಹಂಗೇ ಅಂತಿದ್ರು.”

“ಅದೇ ಅಲ್ವಾ ಪಾಸ್ಟರ್ ಹೇಳಿದ್ದು! ತಾತನ ಕಾಲ್ದಿಂದ ಬಂದಿದ್ದು ಅಂತ!”

ದಯಾಮಣಿಗೆ ಮುಂದೆ ಮಾತು ಹೊರಡಲಿಲ್ಲ. ಹೊರಡದ ಆ ಮಾತೂ ದೆವ್ವದ ಲೆಕ್ಕಕ್ಕೇ ಹೋಯಿತು.

ಜಯಪ್ರಕಾಶ್ ಊಟಕ್ಕೆ ಕೂತಾಗ ತನ್ನ ಮಟ್ಟಿಗೆ ದಾರಿ ಹುಡುಕಿದ. “ಅತ್ತೆ, ಒಂದ್ಸಲ ಜೋರಾಗಿ ಹಲ್ಲೆಲೂಯ ಅಂದ್ಬುಡಿ, ಮುಗೀತು. ನಮ್ ಸೂಪರ್‌ವೈಸರ್ ಏನ್ ಬೊಗಳಿದ್ರೂ ನಾನು ಎಸ್ ಸಾರ್ ಅನ್ನಲ್ವಾ? ಹಂಗೇಯ. ಒಳಗ್ ಏನಾದ್ರೂ ಅಂದ್ಕಳಿ.”

ಅನ್ನಬಹುದಿತ್ತು. ಆದರೆ ದಯಾಮಣಿಗೆ ತನ್ನದು ಅಂತ ಲೋಕದಲ್ಲಿ ಉಳಿದಿದ್ದದ್ದು ಅದೊಂದೇ. ಮನೆ ಬಿಟ್ಟುಕೊಟ್ಟಿದ್ದಳು, ಊರು ಬಿಟ್ಟಿದ್ದಳು, ಮಂಚವನ್ನೂ ಮಾರಿ ಬಂದಿದ್ದಳು. ಆ ಸುಮ್ಮನಿರುವುದನ್ನೂ ದೆವ್ವ ಎಂದು ಒಪ್ಪಿಕೊಂಡರೆ, ಅಪ್ಪನ ಪಕ್ಕ ಕೊನೆಯ ಬೆಂಚಿನಲ್ಲಿ ಕೂತಿದ್ದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಒಲ್ಲೆ ಎಂದಳು. ಮಗಳು ಜಗಳವಾಡಲಿಲ್ಲ. ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ, “ನನಗೋಸ್ಕರ ಅಮ್ಮ,” ಎಂದಳು. ಆ ಬೆನ್ನು ನೋಡಿ ದಯಾಮಣಿ ಹೂಂ ಅಂದಳು.

ಶುಕ್ರವಾರ ಹಗಲು ಶೀಟಿನ ಹಾಲಿನಲ್ಲಿ ಅವಳನ್ನು ಮುಂದೆ ಕೂರಿಸಿದರು, ಸ್ಪೀಕರ್ ಬಾಕ್ಸಿನ ಮಗ್ಗುಲಲ್ಲಿ. ಹಣೆಗೆ ಎಣ್ಣೆ ಹಚ್ಚಿದರು. ಹೆಂಗಸರು ಸುತ್ತ ಮಂಡಿಯೂರಿ ಅವಳ ಕೈಕಾಲು ಹಿಡಿದುಕೊಂಡರು. ಡ್ರಮ್ಮು ಶುರುವಾಯಿತು. “ಬಿಟ್ಟು ಹೋಗು! ಬಾಯಿ ತೆಗಿ! ಬಿಟ್ಟು ಹೋಗು!” ಎಂದು ಪಾಸ್ಟರ್ ಕೂಗುತ್ತಿದ್ದ, ಬೆವರೂ ಕಣ್ಣೀರೂ ಒಂದಾಗಿ ಅವನ ಅಂಗಿ ತೊಯ್ದಿತ್ತು. ದಯಾಮಣಿ ಬಾಯಿ ತೆರೆಯಲಿಲ್ಲ. ಹಟಕ್ಕಲ್ಲ. ಯಾವ ಸದ್ದಾದರೂ ಕೊನೆಗೆ ನಿಲ್ಲುತ್ತದಲ್ಲ, ನಿಲ್ಲುವವರೆಗೆ ಕಾಯುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಕಾಯುತ್ತಾ ಕೂತಳು. ಅವಳು ಸುಮ್ಮನಿದ್ದಷ್ಟೂ ಅವರು ಸದ್ದು ಏರಿಸಿದರು. ಪಾಸ್ಟರ್ ಮೈಕು ಹಿಡಿದು ಅವಳ ಕಿವಿಯ ಬಳಿಗೆ ಬಾಗಿದಾಗ ಮೈಕೂ ಬಾಕ್ಸೂ ಮುಖಾಮುಖಿಯಾಗಿ, ಕೀ ಎಂದು ಒಂದು ಕೂಗು ಎದ್ದಿತು. ಕಾದ ಕಬ್ಬಿಣದ ಕಡ್ಡಿ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟ ಹಾಗೆ.

“ಅಯ್ಯೋ! ಅಪ್ಪಾ!” ಎಂದು ಚೀರಿ ಅವಳು ಮುಂದಕ್ಕೆ ಬಿದ್ದಳು.

ಹಾಲಿಗೆ ಹಾಲೇ ಹಲ್ಲೆಲೂಯ ಎಂದು ಎದ್ದು ನಿಂತಿತು. ಬಾಯಿ ಬಂತು, ದೆವ್ವ ಬಿಟ್ಟಿತು. ಸುಮನಾ ಬಂದು ತಾಯಿಯನ್ನು ಬಾಚಿ ತಬ್ಬಿಕೊಂಡು ಎದೆಯಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಮಗಳು ಹಾಗೆ ಎದೆಗೆ ಒರಗಿ ಎಷ್ಟೋ ಕಾಲವಾಗಿತ್ತು. ದಯಾಮಣಿ ಅವಳ ತಲೆ ನೇವರಿಸಿದಳು. ಮಗಳು ಏನೋ ಹೇಳುತ್ತಿದ್ದಳು. ತುಟಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸಲಿಲ್ಲ.

ಮಾತು ಕೇಳಿಸುವುದು ಎರಡು ದಿನದಲ್ಲಿ ಅಷ್ಟಿಷ್ಟು ತಿರುಗಿ ಬಂತು. ಅದರ ಜೊತೆ ಇನ್ನೊಂದು ಬಂತು. ಮೊದಲು ಅವಳು ಅದನ್ನು ಫ್ರಿಜ್ಜು ಅಂದುಕೊಂಡಳು. ಆಮೇಲೆ ಸೊಳ್ಳೆ ಅಂದುಕೊಂಡಳು. ತಾರಸಿಗೆ ಹೋಗಿ ಟ್ಯಾಂಕಿನ ಪಕ್ಕ ಕೂತರೆ ಅಲ್ಲಿಯೂ ಇತ್ತು, ಇನ್ನೂ ಹೆಚ್ಚಿಗೆ. ಕೆಳಗಿಳಿದು ಶಿವರುದ್ರಮ್ಮನವರ ಬಾಗಿಲು ತಟ್ಟಿದಳು.

“ಅಕ್ಕ, ಮೋಟ್ರು ಹಾಕಿದೀರಾ? ಬಾಳ ಹೊತ್ತಿಂದ ಗುಂಯ್ ಅಂತೈತೆ.”

“ಕರೆಂಟೇ ಇಲ್ವಲ್ಲ ದಯಮ್ಮಾರೇ.”

ದಯಾಮಣಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಕರೆಂಟಿಲ್ಲದ ಬೀದಿಯಲ್ಲಿ ಆ ಸದ್ದು ಒಂದೇ ಸಮನೆ ಹೊಡೆಯುತ್ತಿತ್ತು.

ಕಿವಿ ಡಾಕ್ಟರು ಒಳ್ಳೆಯವರು. ಕಿವಿಗೆ ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿ, ಜೊತೆಗೆ ಬಂದ ಅಳಿಯನಿಗಲ್ಲ, ಅವಳಿಗೇ ಅರ್ಥವಾಗುವಂತೆ ಜೋರಾಗಿ ಹೇಳಿದರು: “ಕಿವಿ ನರಕ್ಕೆ ಪೆಟ್ಟಾಗಿದೆ ಅಜ್ಜಿ. ಇದು ಹೋಗೋದು ಕಷ್ಟ, ಅಭ್ಯಾಸ ಮಾಡ್ಕೊಬೇಕು. ಒಂದ್ ನೆನಪಿರ್ಲಿ, ತೀರಾ ಸದ್ದಿಲ್ಲದ ಜಾಗದಲ್ಲಿ ಒಬ್ರೇ ಕೂರ್ಬೇಡಿ. ಫ್ಯಾನೋ ಟಿವಿನೋ ಹಾಕ್ಕೊಂಡಿರಿ. ಹೊರಗೆ ಸದ್ದಿದ್ರೆ ಒಳಗಿಂದು ಗೊತ್ತಾಗಲ್ಲ.”

ಅವಳು ಆ ಮಾತಿಗೆ ಒಪ್ಪಲಿಲ್ಲ. ಕೂತಳು. ಹಾಲಿನ ಗಾಡಿಗೆ ಮುಂಚೆ, ಚಳಿಯಲ್ಲಿ, ಶಾಲು ಹೊದ್ದು. ಹಿಂದೆ ನಾದಿನಿಯ ಮಾತನ್ನು ಬಿಟ್ಟು ಕೂತ ಹಾಗೆ ಇದನ್ನೂ ಬಿಟ್ಟು ಕೂರಬಹುದೆಂದು ನೋಡಿದಳು. ಬಗ್ಗಡವಾದರೆ ತಳಕ್ಕಿಳಿಯುತ್ತದೆ, ಇದು ಇಳಿಯುವಂಥದ್ದಾಗಿರಲಿಲ್ಲ. ಗಂಡ ಸತ್ತ ವರ್ಷದ ಹಾಗೆ ಇದೂ ಒಂದು ಬರಗಾಲ, ಕಾದರೆ ಕಳೆಯುತ್ತದೆ ಎಂದುಕೊಂಡು ಚಳಿಗಾಲ ಕಳೆದು ಬೇಸಿಗೆ ಮುಗಿಯುವವರೆಗೂ ಕಾದಳು. ಯಾರೂ ಬರಲಿಲ್ಲ. ಬಂದು ಕೂತು ಹೋಗಿದ್ದರೂ ಅವಳಿಗೆ ತಿಳಿಯುವ ಹಾಗಿರಲಿಲ್ಲ.

ಕೊನೆಗೆ ಒಂದು ದಿನ ಮಗಳಿಗೆ ಹೇಳಿ ಗುಬ್ಬಿಯ ಬಸ್ಸು ಹತ್ತಿದಳು. ಸಾಲುಮನೆಗಳಿದ್ದ ಕಡೆ ಬಯಲು. ದೇವಾಲಯದ ಬೀಗದ ಕೈ ಈಗ ಸುಧಾ ಎಂಬ ಹೆಂಗಸಿನ ಬಳಿ ಇತ್ತು. ಅಪ್ಪ ಮಾಡುತ್ತಿದ್ದ ಕೆಲಸವೇ ಅವಳದು.

“ಒಂದ್ಸಲ ಗಂಟೆ ಹೊಡೀತೀಯೇನವ್ವ?”

“ಇವತ್ಯಾವ ಆರಾಧ್ನೇನೂ ಇಲ್ವಲ್ಲಕ್ಕ. ಜನ, ಯಾರೋ ತೀರ್ಕಂಡ್ರು ಅಂದ್ಕತಾರೆ.”

“ಅಂದ್ಕಳ್ಳಿ. ಒಂದೇ ಏಟು.”

ಸುಧಾ ಅವಳ ಮುಖ ನೋಡಿದಳು, ಮತ್ತೇನೂ ಕೇಳದೆ ಹೋಗಿ ಹಗ್ಗ ಬಿಚ್ಚಿದಳು. ದಯಾಮಣಿ ಕೊನೆಯ ಬೆಂಚಿನಲ್ಲಿ, ಅಪ್ಪನಿಗೆ ಜಾಗ ಬಿಟ್ಟು, ಗೋಡೆಯ ಕಡೆಗೆ ಕೂತಳು. ಗಂಟೆ ಮೊಳಗಿತು. ಅದೇ ಕಂಚು, ಅದೇ ಗುಂಯ್. ಅವಳಿಗೆ ಕಣ್ಣು ತುಂಬಿ ಬಂತು. ಸದ್ದಿನ ಬೆನ್ನು ಹಿಡಿದು ಹೊರಟಳು. ಅದು ತೆಳ್ಳಗಾಯಿತು, ದಾರವಾಯಿತು, ಎಳೆಯಾಯಿತು. ಅಲ್ಲಿಂದ ಮುಂದೆ ಅದು ಕಿವಿಯೊಳಗಿನ ಸದ್ದಿಗೆ ಸೇರಿಕೊಂಡುಬಿಟ್ಟಿತು. ಯಾವುದು ಗಂಟೆ, ಯಾವುದು ತನ್ನದು, ಗೊತ್ತಾಗಲಿಲ್ಲ. ಕಾದಳು. ಅದು ಹೋಗುತ್ತಲೇ ಇತ್ತು, ಮುಗಿಯದೆ.

“ನಿಂತೋಯ್ತಾ ಸುಧಾ?”

“ಏನಕ್ಕ?”

“ಗಂಟೆ.”

“ಆಗ್ಲೇ ನಿಂತೋಯ್ತಲ್ಲ. ಹಗ್ಗಾನೂ ಕಟ್ದೆ.”

ದಯಾಮಣಿ ತಲೆಯಾಡಿಸಿದಳು. ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು, ಸುಧಾಗೆ ಬೀಗ ಹಾಕಬೇಕಿತ್ತೆಂದು ಎದ್ದಳು. ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ಬೆಂಚು ನೋಡಿ, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಆಮೇಲೆ ಅವಳು ತಾರಸಿಗೆ ಹೋಗುವುದನ್ನು ಬಿಟ್ಟಳು. ಸುಮನಾಗೆ ಮಗುವಾಗಲಿಲ್ಲ. ಇನ್ನೂ ಎಲ್ಲೋ ಏನೋ ಉಳಿದಿರಬೇಕು ಎಂದು ಪಾಸ್ಟರ್ ಈಗ ಜಯಪ್ರಕಾಶನ ಕಡೆಯ ವಂಶ ವಿಚಾರಿಸುತ್ತಿದ್ದಾನೆ. ಶಿವರುದ್ರಮ್ಮ ಒಮ್ಮೆ ಮೆಟ್ಟಿಲ ಬಳಿ ತಡೆದು, “ಏನ್ ದಯಮ್ಮಾರೇ, ಟ್ಯಾಂಕ್ ಕಾಯೋ ಕೆಲ್ಸ ಬುಟ್ಬುಟ್ರಾ?” ಎಂದು ನಗೆಯಾಡಿದರು.

“ಅಲ್ಲಿ ಬಾಳ ಗಲಾಟೆ ಕಣ್ರಕ್ಕ,” ಎಂದಳು ದಯಾಮಣಿ. ಶಿವರುದ್ರಮ್ಮ ಒಮ್ಮೆ ತಾರಸಿಯ ಕಡೆ ನೋಡಿದರು, ಒಮ್ಮೆ ಅವಳ ಕಡೆ ನೋಡಿದರು. ನಗೆ ಅಲ್ಲಿಗೇ ನಿಂತಿತು.

ಭಾನುವಾರ ಶೀಟಿನ ಹಾಲಿಗೆ ಈಗ ಎಲ್ಲರಿಗಿಂತ ಮೊದಲು ಬರುವವಳು ದಯಾಮಣಿಯೇ. ಹಿಂದಿನ ಕುರ್ಚಿಯಲ್ಲಲ್ಲ, ಮುಂದೆ, ಬಾಕ್ಸಿಗೆ ಒತ್ತಿಕೊಂಡು ಕೂರುತ್ತಾಳೆ. ಡ್ರಮ್ಮು ಶುರುವಾದರೆ ಒಳಗಿನ ಸದ್ದು ಕೇಳಿಸುವುದಿಲ್ಲ. ವಾರದಲ್ಲಿ ಅವಳಿಗೆ ಸಿಗುವ ಬಿಡುವು ಅಷ್ಟೇ. ಸರಿಯಾಗಿ ಕೇಳಿಸದವರು ಜೋರಾಗಿ ಮಾತಾಡುವ ಹಾಗೆ ಅವಳ ಪ್ರಾರ್ಥನೆಯೂ ಜೋರಾಗಿದೆ. ಹೊಸಬರು ಬಂದರೆ ಪಾಸ್ಟರ್ ಅವಳನ್ನೇ ತೋರಿಸುತ್ತಾನೆ: ಈ ಅಮ್ಮನ್ನ ನೋಡಿ, ಮೂಗ ದೆವ್ವ ಹಿಡಿದಿತ್ತು, ಈಗ ಹೇಗೆ ಬಾಯಿತುಂಬ ಸ್ತುತಿಸ್ತಾರೆ. ಸುಮನಾ ಹೆಮ್ಮೆಯಿಂದ ತಾಯಿಯ ಕೈ ಅದುಮುತ್ತಾಳೆ. ಹಾಡು ಮುಗಿಯುತ್ತಾ ಬಂದು, ಡ್ರಮ್ಮು ನಿಂತು, ಕೀಬೋರ್ಡಿನ ಕೊನೆಯ ಸ್ವರ ತೆಳ್ಳಗಾಗಲು ತೊಡಗಿದರೆ ದಯಾಮಣಿ ಕುರ್ಚಿಯ ತುದಿಗೆ ಸರಿಯುತ್ತಾಳೆ. ಅದು ಪೂರಾ ನಿಂತು ಹೋಗುವುದರೊಳಗೆ ಅವಳು ಎರಡೂ ಕೈಯೆತ್ತಿ, ಇದ್ದ ಉಸಿರನ್ನೆಲ್ಲ ಸೇರಿಸಿ, ಸ್ತೋತ್ರ, ಸ್ತೋತ್ರ ಎಂದು ಕೂಗುತ್ತಾಳೆ.